ಯಾರೂ ಇಲ್ಲದ ಫೋಟೋ

ಪ್ರೇಮಲತಾ ಪಕ್ಕದ ಮನೆಯವರ ಹತ್ತಿರ ಒಂದು ಟೋಪಿ ಕೇಳಬಾರದಾಗಿತ್ತು. ಕೇಳಿದಳು. ತೊಂದರೆ ಶುರುವಾಗಿದ್ದು ಅಲ್ಲಿಂದ.

ಅವಳು ಗುಬ್ಬಿಯ ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್. ವಾರವಿಡೀ ಗಾಜಿನ ಹಿಂದೆ ಕೂತು, ಗಾಜಿನಲ್ಲಿರುವ ಅರ್ಧಚಂದ್ರದಂಥ ಕಿಂಡಿಗೆ ಒಂದಾದ ಮೇಲೊಂದರಂತೆ ಬಾಗಿ ಬರುವ ಮುಖಗಳನ್ನು ನೋಡುವುದು ಅವಳ ಕೆಲಸ. ಭಾನುವಾರ ಬಂದರೆ ಮುಖಗಳು ಇನ್ನೂ ಹೆಚ್ಚು. ಯಾಕೆಂದರೆ ಅವಳ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಇತ್ತು. ಬೀದಿಯಲ್ಲಿ ಯಾರದಾದರೂ ಮನೆಯಲ್ಲಿ ಉದ್ದನೆಯ ಏಣಿ ಇದ್ದರೆ ಅದು ಇಡೀ ಬೀದಿಯ ಏಣಿಯಾಗುತ್ತದಲ್ಲ, ಹಾಗೆ ಈ ಕ್ಯಾಮೆರಾ ಊರಿನ ಕ್ಯಾಮೆರಾ ಆಗಿತ್ತು. ಏಣಿಯ ಜೊತೆ ಮಾಲೀಕರು ಹೋಗಬೇಕಿಲ್ಲ, ಕ್ಯಾಮೆರಾದ ಜೊತೆ ಹೋಗಬೇಕು, ಅಷ್ಟೇ ವ್ಯತ್ಯಾಸ. ನಾಮಕರಣ, ಸೀಮಂತ, ಗೃಹಪ್ರವೇಶ, ಬೋರ್‌ವೆಲ್‌ನಲ್ಲಿ ನೀರು ಬಿದ್ದ ಸಂಭ್ರಮ, ಎಲ್ಲಕ್ಕೂ "ಪ್ರೇಮಮ್ಮನ್ನ ಕರೀರಿ" ಎನ್ನುತ್ತಿದ್ದರು. ಅವಳು ಹೋಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮುಂದಿನವರ ತಲೆ ಹಿಂದಿನವರ ಗದ್ದಕ್ಕೆ ಅಡ್ಡ ಬಾರದಂತೆ ಹೊಂದಿಸಿ, ಕ್ಲಿಕ್ ಮಾಡಿ, ಎರಡು ಹೋಳಿಗೆ ತಿಂದು ಬರುತ್ತಿದ್ದಳು.

ಅವಳಿಗೆ ಜನ ಬೇಡವೆಂದೇನಲ್ಲ. ಆದರೆ ಯಾರೂ ಇಲ್ಲದ ಒಂದು ಫೋಟೋ ತೆಗೆಯಬೇಕೆಂಬುದು ಬಹಳ ದಿನದ ಆಸೆ. ಒಮ್ಮೆ ಬೆಳಿಗ್ಗೆ ಕೆರೆ ಏರಿಯ ಬಳಿ ಎಳೆಬಿಸಿಲು ಒಂದು ಬಂಡೆಯ ಬೆನ್ನಿನ ಮೇಲೆ ಹರಡಿದ್ದನ್ನು ಕಂಡು, ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದ್ದಳು. ಎಲ್ಲಿದ್ದನೋ ಒಬ್ಬ, ಬಂಡೆಯ ಹಿಂದಿನಿಂದ ಚೊಂಬು ಹಿಡಿದು ಎದ್ದು ನಿಂತು, "ಪೇಪರ್‌ಗಾ ಮೇಡಂ?" ಎಂದು ಕೇಳಿದ್ದ.

ಅಂಥವಳಿಗೆ ತುಮಕೂರಿನ 'ಬೆಳಕು ಬಳಗ'ದವರು ಒಂದು ಫೋಟೋ ಪ್ರವಾಸ ಏರ್ಪಡಿಸಿದ್ದಾರೆ ಎಂದು ತಿಳಿಯಿತು. ಹಿರಿಯೂರು ದಾಟಿ ಸ್ವಲ್ಪ ಮುಂದೆ, ಮಾರಡಿಹಳ್ಳಿಯ ಹತ್ತಿರ, ಎಂದೋ ಉಕ್ಕಿದ ಜ್ವಾಲಾಮುಖಿಯ ಲಾವಾ ತಣ್ಣಗಾಗಿ ಕಲ್ಲಾದ ಜಾಗವಿದೆ. ಅಲ್ಲಿ ಒಂದು ದಿನ, ಮಾರ್ಗದರ್ಶಕನ ಜೊತೆಗೆ. ಬಂದವರೆಲ್ಲ ಒಂದೊಂದು ಫೋಟೋ ಕೊಡಬೇಕು, ಅದರಲ್ಲಿ ಬರೀ ನೆಲ, ಕಲ್ಲು, ಆಕಾಶ ಇರಬೇಕು, ಮನುಷ್ಯರು ಇರಕೂಡದು. ಗೆದ್ದವರಿಗೆ ಬಳಗದ ಸದಸ್ಯತ್ವ, ಗೆದ್ದ ಚಿತ್ರಕ್ಕೆ ತುಮಕೂರಿನಲ್ಲಿ ಪ್ರದರ್ಶನ. ಮನುಷ್ಯರು ಇರಕೂಡದು ಎಂಬ ಮಾತನ್ನು ಅವಳು ಮೂರು ಸಲ ಓದಿಕೊಂಡಳು. ಯಾರೋ ತನಗೋಸ್ಕರವೇ ಮಾಡಿದ ಕಾನೂನಿನಂತಿತ್ತು. ಕೊನೆಗೆ ಒಂದು ಸೂಚನೆಯೂ ಇತ್ತು: ಬಿಸಿಲಿಗೆ ಟೋಪಿ ತನ್ನಿ.

ಅವಳ ಮನೆಯಲ್ಲಿ ಟೋಪಿ ಇರಲಿಲ್ಲ. ಪಕ್ಕದ ಮನೆಯ ಸಿದ್ದಗಂಗಯ್ಯನವರ ಹತ್ತಿರ ಇತ್ತು. ಅವರು ನಿವೃತ್ತ ಬಸ್ ಕಂಡಕ್ಟರ್. ಟಿಕೆಟ್ ತೆಗೆದುಕೊಳ್ಳದೆ ಮೂಲೆಯಲ್ಲಿ ಮುದುಡಿ ಕೂತವರಿಂದ ಟಿಕೆಟ್ ಹೊರಡಿಸುತ್ತಿದ್ದ ಅದೇ ಜಾಣ್ಮೆಯಲ್ಲಿ ಈಗ ಬೀದಿಯವರಿಂದ ಸುದ್ದಿ ಹೊರಡಿಸುತ್ತಿದ್ದರು.

"ಟೋಪಿ ಯಾಕಮ್ಮ?"

"ಬಿಸಿಲಿಗೆ."

"ಯಾವೂರ ಬಿಸಿಲಿಗೆ?"

ಮುಂದಿನ ಎರಡು ನಿಮಿಷದಲ್ಲಿ ಎಲ್ಲ ಹೊರಬಿತ್ತು. ಸಿದ್ದಗಂಗಯ್ಯ ಗೋಡೆಯ ಮೊಳೆಯಿಂದ ಟೋಪಿ ತೆಗೆದರು, ಕೊಡಲಿಲ್ಲ. "ಕೊಡೋಕೇನೂ ಅಡ್ಡಿಯಿಲ್ಲ ಕಣಮ್ಮ. ಆದ್ರೆ ನಂಗೂ ಬಿಸಿಲು ಆಗಲ್ಲ, ಇರೋದು ಒಂದೇ ಟೋಪಿ. ಹಿಂಗ್ ಮಾಡಾಣ, ನಾನೂ ಬಂದ್ಬುಡ್ತೀನಿ. ಇಬ್ರೂ ಒಂದೇ ಕಡೆ ಇದ್ರೆ ಸರದಿ ಮೇಲೆ ಹಾಕ್ಕೋಬೋದು."

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಪ್ರೇಮಲತಾ ಹುಡುಕುತ್ತಿರುವಾಗಲೇ ಕಾಂಪೌಂಡಿನ ಆಚೆಯಿಂದ ಅವಳ ಅತ್ತೆ ಗಂಗಲಕ್ಷ್ಮಮ್ಮನ ತಲೆ ಮೇಲೆದ್ದಿತು.

"ಜ್ವಾಲಾಮುಖಿ ಅಂದ್ಯಲ್ಲ, ಅದು ಅಮ್ನೋರ ಹೆಸ್ರಲ್ವೇನೆ?"

"ದೇವ್ರಲ್ಲ ಅತ್ತೆ. ಬೆಂಕಿ ಉಗುಳೋ ಬೆಟ್ಟ."

"ಬೆಂಕಿ ಉಗುಳ್ತಾಳೆ ಅಂದ್ಮೇಲೆ ಇನ್ಯಾರೇ ಅದು? ಅಂಥೋಳ ಹತ್ರ ಬರಿಗೈಲಿ ಹೋಗಕ್ಕಾಯ್ತದಾ? ನಾನೂ ಬತ್ತೀನಿ. ತೋಟದ ಕಾಯಿ ಐತೆ."

ಮಾರನೆಯ ದಿನ ಕಚೇರಿಯಲ್ಲಿ ಮಂಜುಶ್ರೀ ಬಂದು ಅವಳ ಮೇಜಿನ ತುದಿಗೆ ಕೂತಳು. ಅವಳು ಸಂಘದ ಗುಮಾಸ್ತೆ, ಮನೆಯಲ್ಲಿ ಗಂಡು ನೋಡುತ್ತಿದ್ದರು. "ಅಕ್ಕ, ನನ್ನ ಹಳೇ ಫೋಟೋ ನೋಡಿ ಗಂಡಿನ ಕಡೆಯೋರು, ಹುಡುಗಿ ಸಿಡುಕಿ ಇದ್ದಂಗವ್ಳೆ ಅಂದ್ರಂತೆ. ಅಲ್ಲಿ ಒಳ್ಳೆ ಬೆಳಕಿರುತ್ತಂತಲ್ಲ. ಸಿದ್ದಗಂಗಯ್ಯನೋರು ಹೇಳಿದ್ರು." ಸೀರೆಯನ್ನೂ ಆರಿಸಿಯಾಗಿತ್ತು, ಕೆಂಪು.

ಪ್ರೇಮಲತಾ ಕೊನೆಯ ಆಸೆಯಿಂದ ಮಾರ್ಗದರ್ಶಕ ಅಂಜನ್‌ಕುಮಾರ್‌ಗೆ ಫೋನ್ ಮಾಡಿದಳು. ಕ್ಯಾಮೆರಾ ಇಲ್ಲದವರನ್ನು ಕರೆತರುವಂತಿಲ್ಲ ಎಂದು ಆತ ಹೇಳಿಯೇ ಹೇಳುತ್ತಾನೆ ಎಂದು ಅವಳ ನಂಬಿಕೆ.

"ಸ್ಪರ್ಧೆಯ ಬೇರೆಯೋರೆಲ್ಲ ಹೋದ ಭಾನುವಾರವೇ ಹೋಗಿಬಂದ್ರು, ಈ ಸಲ ಗಾಡಿ ಖಾಲಿ ಇದೆ ಮೇಡಂ," ಎಂದ ಆತ ಸಂತೋಷದಿಂದ. "ಇನ್ನೂ ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ."

ಗಂಡ ಜಯಪ್ರಕಾಶ್‌ಗೆ ಶಾಲೆಯಲ್ಲಿ ಭಾನುವಾರವೂ ಕೆಲಸವಿತ್ತು. ಅವನೊಬ್ಬ ಬರಲಿಲ್ಲ.

ಅಂಜನ್‌ಕುಮಾರ್ ಕುಣಿಗಲ್‌ನವನು. ಅಲ್ಲಿನ ಕುದುರೆ ಫಾರಂನಲ್ಲಿ ಬಹಳ ವರ್ಷ ಕುದುರೆಗಳ ಫೋಟೋ ತೆಗೆದಿದ್ದ. ಮನುಷ್ಯರ ಜೊತೆಗೂ ಅದೇ ದನಿಯಲ್ಲಿ ಮಾತಾಡುವುದು ರೂಢಿಯಾಗಿಬಿಟ್ಟಿತ್ತು. ಬೆಳಕು ಹರಿಯುವ ಮುಂಚೆ ಗುಬ್ಬಿಗೆ ವ್ಯಾನ್ ತಂದವನು, ತೆಂಗಿನಕಾಯಿ ಚೀಲ, ಪುಳಿಯೋಗರೆ ಡಬ್ಬ, ಅಗರಬತ್ತಿ, ಕೆಂಪು ಸೀರೆ ಎಲ್ಲವೂ ಒಟ್ಟಿಗೆ ಬಾಗಿಲಿಗೆ ನುಗ್ಗಿದಾಗ ನಾಲಗೆಯಲ್ಲಿ ಟಕಟಕ ಸದ್ದು ಮಾಡಿ, "ನಿಧಾನ, ನಿಧಾನ, ಹಾ, ಹಾಗೇ" ಎಂದ.

"ಓರೆಬಿಸಿಲು ಬೀಳೋವಾಗ ನಾವು ಅಲ್ಲಿರ್ಬೇಕು ಮೇಡಂ," ಎಂದು ಪ್ರೇಮಲತಾಗೆ ಹೇಳಿದ. "ಹೊತ್ತು ಏರಿದ್ರೆ ಕಲ್ಲೆಲ್ಲ ಒಂದೇ ಥರ ಕಾಣುತ್ತೆ. ನೆರಳಿಲ್ಲ, ರೂಪ ಇಲ್ಲ."

ಸಿದ್ದಗಂಗಯ್ಯ ಬಾಗಿಲ ಪಕ್ಕದ ಸೀಟು ಹಿಡಿದು "ರೈಟ್" ಎಂದರು. ವ್ಯಾನ್ ಹೊರಟಿತು. ಡ್ರೈವರ್ ಆಮೇಲೆ ದಿನವಿಡೀ ಅವರು ರೈಟ್ ಅನ್ನದೆ ಗಾಡಿ ಕದಲಿಸಲಿಲ್ಲ.

ತುಮಕೂರಿನ ಶಿರಾ ಗೇಟಿನಲ್ಲಿ ಬಳಗದ ಗೌರವಾಧ್ಯಕ್ಷರು ಹತ್ತಬೇಕಿತ್ತು. ಮುತ್ತುರಾಜ್, ಕೊಬ್ಬರಿ ಮಂಡಿಯ ಮಾಲೀಕರು. ಫೋಟೋ ತೆಗೆಯುವುದು ಅವರಿಗೆ ಗೊತ್ತಿರಲಿಲ್ಲ, ಫೋಟೋ ತೆಗೆಯುವವರನ್ನು ಕಂಡರೆ ಪ್ರಾಣ. ತಂಪು ಕನ್ನಡಕ ಹಾಕಿಕೊಂಡು ರಸ್ತೆಯಲ್ಲೇ ಕೈಮುಗಿದು ನಿಂತಿದ್ದರು. "ಖಾಲಿ ಹೊಟ್ಟೇಲಿ ಎಲ್ಲಿಗೆ ಹೋಗ್ತೀರ? ತಟ್ಟೆ ಇಡ್ಲಿ ತಿಂದು ಹೋಗೋಣ."

ಬೇಡವೆಂದರೆ ಬಿಡುವ ಆಸಾಮಿಯಲ್ಲ. ಹೋಟೆಲಿನಲ್ಲಿ ಮೊದಲ ಸುತ್ತು ಆಯಿತು, ಎರಡನೆಯದು ಆಯಿತು. ಗಂಗಲಕ್ಷ್ಮಮ್ಮ ಚಟ್ನಿಗೆ ಯಾವ ಊರಿನ ಕಾಯಿ ಹಾಕಿದ್ದೀರಿ ಎಂದು ಅಡುಗೆಯವರನ್ನು ಹೊರಗೆ ಕರೆಸಿ ವಿಚಾರಿಸಿದರು. ಪ್ರೇಮಲತಾ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಇಡ್ಲಿಯ ಮೇಲಿನ ಬೆಣ್ಣೆ ಹೇಗೆ ಕರಗುತ್ತಿತ್ತೋ ಹಾಗೇ ಹೊರಗೆ ಹೊಂಬಿಸಿಲೂ ಕರಗಿಹೋಗುತ್ತಿತ್ತು.

ಶಿರಾ ದಾಟಿ, ಹಿರಿಯೂರು ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋಗುವಷ್ಟರಲ್ಲಿ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಕುರುಚಲು ಗಿಡಗಳ ಬಯಲಿನಲ್ಲಿ ಒಂದು ದಿಬ್ಬ. ದೂರದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ಸುತ್ತುತ್ತಿದ್ದವು. ಎಲ್ಲರೂ ಇಳಿದು ಸುತ್ತಲೂ ನೋಡಿದರು.

"ಎಲ್ಲಿ ಜ್ವಾಲಾಮುಖಿ?" ಎಂದರು ಸಿದ್ದಗಂಗಯ್ಯ.

"ಇದೇ ಸಾರ್."

"ಹೊಗೆ?"

"ಹೊಗೆ ಇಲ್ಲ. ಇದು ಇನ್ನೂರೈವತ್ತು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ಬಿಸಿ ಲಾವಾ ತಣ್ಣೀರಿಗೆ ಬಿದ್ದ ಕೂಡ್ಲೇ ಹೀಗೆ ಉಬ್ಬಿ ಉಬ್ಬಿ ದಿಂಬಿನ ಆಕಾರ ತಾಳಿತು."

ಸಿದ್ದಗಂಗಯ್ಯ ಬೆರಳು ಮಡಚಿ ಲೆಕ್ಕ ಹಾಕಿದರು. "ಇನ್ನೂರೈವತ್ತು ಕೋಟಿ ವರ್ಷ ಲೇಟಾಗಿ ಬಂದಿದೀವಿ. ಎರಡು ಗಂಟೆ ಇಡ್ಲಿ ತಿಂದಿದ್ದಕ್ಕೆ ಪ್ರೇಮಮ್ಮ ದಾರಿಯುದ್ದಕ್ಕೂ ಮುಖ ಊದಿಸ್ಕೊಂಡಿದ್ಲು."

ಪ್ರೇಮಲತಾಗೆ ಅದು ಕೇಳಿಸಲಿಲ್ಲ. ಅವಳು ಕಲ್ಲುಗಳನ್ನು ನೋಡುತ್ತ ನಿಂತುಬಿಟ್ಟಿದ್ದಳು. ಹೊಸದಾಗಿ ಹತ್ತಿ ತುಂಬಿ ಹೊಲಿದ ದಿಂಬುಗಳನ್ನು ಯಾರೋ ಒಂದರ ಮೇಲೊಂದು ಒಟ್ಟಿ, ಈಗ ಬರುತ್ತೇನೆಂದು ಹೋದವರು ಬರದೇ ಇದ್ದು, ದಿಂಬುಗಳು ಕಾದೂ ಕಾದೂ ಕಲ್ಲಾದಂತಿದ್ದವು. ಕರಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ. ಒಂದರ ತಗ್ಗಿನಲ್ಲಿ ಇನ್ನೊಂದು ಒರಗಿಕೊಂಡ ರೀತಿಯಲ್ಲಿ ಏನೋ ಒಂದು ನೆಮ್ಮದಿ ಇತ್ತು. ನೆಲಕ್ಕೂ ಒಂದು ಕಾಲದಲ್ಲಿ ನಿದ್ದೆ ಬಂದಿತ್ತು ಎನ್ನುವ ಹಾಗೆ. ಕೆರೆ ಏರಿಯ ಬಂಡೆ ನೆನಪಾಗಿ, ಇಲ್ಲಿ ಹಿಂದೆ ಯಾರೂ ಇಲ್ಲವಷ್ಟೇ ಎಂದು ಒಂದು ಸುತ್ತು ಹೋಗಿ ನೋಡಿಬಂದಳು. ಯಾರೂ ಇರಲಿಲ್ಲ.

ಆ ಸುತ್ತು ಮುಗಿಸಿ ಬರುವಷ್ಟರಲ್ಲಿ ಮುಂದೆ ಅತ್ತೆ ಇದ್ದರು. ಎಲ್ಲಕ್ಕಿಂತ ಚೆನ್ನಾಗಿದ್ದ ಕಲ್ಲನ್ನೇ ಹುಡುಕಿ, ಅದರ ಮುಂದೆ ಸೆರಗು ಕಟ್ಟಿ ನಿಂತು ಕಾಯಿ ಎತ್ತಿದ್ದರು.

"ಅಮ್ಮಾ, ನಿಧಾನ, ನಿಧಾನ," ಎನ್ನುತ್ತ ಅಂಜನ್‌ಕುಮಾರ್ ಪಕ್ಕದಿಂದ ಮೆಲ್ಲಗೆ ಸರಿದುಬಂದ. "ಇದು ಸರ್ಕಾರ ಕಾಪಾಡ್ತಿರೋ ಕಲ್ಲು. ಇದರ ಮೇಲೆ ಒಡೀಬಾರ್ದು."

"ಸರ್ಕಾರ ಇವಳನ್ನ ಕಾಪಾಡ್ತದೇನಪ್ಪ? ಸರ್ಕಾರನೇ ಇವಳು ಕಾಪಾಡ್ತಿರಾದು." ಆದರೂ ಕಾನೂನಿಗೆ ಬೆಲೆ ಕೊಟ್ಟು ರಸ್ತೆ ಬದಿಗೆ ಹೋಗಿ ಅಲ್ಲಿನ ಸಾಮಾನ್ಯ ಕಲ್ಲಿಗೆ ಕಾಯಿ ಒಡೆದು, ಹೋಳುಗಳನ್ನು ತಂದು ದಿಂಬುಗಲ್ಲಿನ ಎದುರು ಬಾಳೆಲೆಯ ಮೇಲಿಟ್ಟು, ಒಂದು ಹಿಡಿ ಅಗರಬತ್ತಿ ಹಚ್ಚಿದರು. ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು.

"ಈಗ ನೋಡಿ," ಎಂದರು ಸಿದ್ದಗಂಗಯ್ಯ ತೃಪ್ತಿಯಿಂದ. "ಇದು ಜ್ವಾಲಾಮುಖಿ."

ಪ್ರೇಮಲತಾ ದಿಬ್ಬದ ಇನ್ನೊಂದು ಮಗ್ಗುಲಿಗೆ ಹೋದಳು. ಅಲ್ಲಿ ಮಂಜುಶ್ರೀ ಕೆಂಪು ಸೀರೆಯ ಸೆರಗು ಹರಡಿಕೊಂಡು ಕಲ್ಲಿನ ಮೇಲೆ ಕೂತು, "ಅಕ್ಕ, ಸಿಡುಕಿ ಥರ ಕಾಣ್ತೀನಾ?" ಎಂದು ಸಿಡುಕುತ್ತಾ ಕೇಳಿದಳು. ಮೂರನೆಯ ಮಗ್ಗುಲಿಗೆ ಹೋದಳು. ಚೌಕಟ್ಟು ಕೂಡಿಬಂದು ಬೆರಳು ಒತ್ತುವ ಹೊತ್ತಿಗೆ ಗಾಳಿಗೆ ಟೋಪಿ ಹಾರಿ ಬಂತು, ಟೋಪಿಯ ಹಿಂದೆ ಸಿದ್ದಗಂಗಯ್ಯ ಬಂದರು. "ಸರದಿ ನಿಂದೇ ಆಗಿತ್ತು ಕಣಮ್ಮ, ಕೊಡೋಣ ಅಂತ ತೆಗೆದೆ, ಹಾರೋಯ್ತು." ನಾಲ್ಕನೆಯ ಮಗ್ಗುಲಿನಲ್ಲಿ ಅಂಜನ್‌ಕುಮಾರ್ ತಾನೇ ಕಲ್ಲಿನ ಪಕ್ಕ ಹೋಗಿ ನಿಂತು, "ಇದು ಎಷ್ಟು ದೊಡ್ಡದು ಅಂತ ಗೊತ್ತಾಗ್ಬೇಕಾದ್ರೆ ಪಕ್ಕದಲ್ಲಿ ಒಬ್ಬ ಮನುಷ್ಯ ಇರ್ಬೇಕು ಮೇಡಂ" ಎಂದು ಪಾಠ ಶುರು ಮಾಡಿದ. ಮನುಷ್ಯರು ಇರಕೂಡದೆಂದು ನೀವೇ ಹೇಳಿದ್ದಿರಲ್ಲ ಎಂದಳು. "ಅದು ಸ್ಪರ್ಧೆಗೆ. ಇದು ತಿಳುವಳಿಕೆಗೆ."

ಅವನ ತಿಳುವಳಿಕೆ ಮುಗಿಯುವ ಮೊದಲೇ ಮುತ್ತುರಾಜ್ ಒಂದು ಶಾಲು, ಒಂದು ಹಾರ ಹಿಡಿದು ಬಂದರು. ಮಾರ್ಗದರ್ಶಕರಿಗೆ ಸ್ಥಳದಲ್ಲೇ ಸನ್ಮಾನ ಮಾಡಬೇಕೆಂದು ಮನೆಯಿಂದ ತಂದಿದ್ದರಂತೆ. ಸನ್ಮಾನ ಎಂದ ಮೇಲೆ ಎಲ್ಲರೂ ನಿಲ್ಲಬೇಕು, ಎಲ್ಲರೂ ನಿಂತ ಮೇಲೆ ಫೋಟೋ ತೆಗೆಯಬೇಕು, ಫೋಟೋ ತೆಗೆಯುವವರು ಯಾರು ಎಂದು ಯಾರೂ ಕೇಳಲೇ ಇಲ್ಲ. ಹಾರ ಹಾಕುವುದನ್ನು ಎರಡು ಸಲ ಹಾಕಿಸಿದರು, ಮೊದಲನೆಯದರಲ್ಲಿ ಮುತ್ತುರಾಜ್ ಕಣ್ಣು ಮುಚ್ಚಿಬಿಟ್ಟಿದ್ದರು ಎಂದು.

"ತಂಪು ಕನ್ನಡಕ ಹಾಕಿದ್ರಲ್ಲ ಸಾರ್, ಕಣ್ಣು ಕಾಣ್ಸಲ್ಲ," ಎಂದಳು ಪ್ರೇಮಲತಾ.

"ಮುಚ್ಚಿದ್ದು ನಂಗೆ ಗೊತ್ತಲ್ಲ ಮೇಡಂ."

ಊಟಕ್ಕೆ ಹೊಂಗೆಯ ಮರದ ನೆರಳಿಗೆ ಹೋದಾಗ ಅವಳು ಪುಳಿಯೋಗರೆಯ ತಟ್ಟೆ ಪಕ್ಕಕ್ಕಿಟ್ಟು ಕ್ಯಾಮೆರಾ ತೆರೆದು ನೋಡಿದಳು. ಕ್ಯಾಮೆರಾದ ಬ್ಯಾಟರಿ ಅರ್ಧಕ್ಕೆ ಬಂದಿತ್ತು. ಅದರೊಳಗೆ ಅಗರಬತ್ತಿ, ಸೀರೆ, ಟೋಪಿ, ಹಾರ. ಇಷ್ಟು ದೂರ ಬಂದರೂ ಗುಬ್ಬಿಯನ್ನು ಬಿಟ್ಟು ಬಂದ ಹಾಗಿರಲಿಲ್ಲ. ಅಳು ಬರುವಂತಾಯಿತು. ಒಂದು ಕಲ್ಲಿನ ಫೋಟೋ ಸಿಗಲಿಲ್ಲವೆಂದು ಅತ್ತರೆ ಯಾರಿಗೆ ಏನೆಂದು ಹೇಳುವುದು?

ಎಲ್ಲರನ್ನೂ ಒಮ್ಮೆ ಗದರಿಬಿಡಲೇ ಎಂದುಕೊಂಡಳು. ಆದರೆ ಅಷ್ಟು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವಳಿಗೆ ಒಂದು ವಿಷಯ ಗೊತ್ತಿತ್ತು. ಗದರಿದರೆ ಸಾಲು ಕರಗುವುದಿಲ್ಲ. ಬಂದವರ ಕೆಲಸ ಒಬ್ಬೊಬ್ಬರದಾಗಿ ಮಾಡಿಕೊಟ್ಟರೆ ಮಾತ್ರ ಕಿಂಡಿಯ ಮುಂದೆ ಜಾಗ ಖಾಲಿಯಾಗುತ್ತದೆ.

ಅವಳು ಕೈತೊಳೆದುಕೊಂಡು ಎದ್ದಳು. "ಎಲ್ರೂ ಬನ್ನಿ. ಒಬ್ಬೊಬ್ರಾಗಿ ಬರ್ಬೇಕು. ಇವತ್ತು ಎಲ್ರಿಗೂ ಚೆನ್ನಾಗಿರೋದು ಒಂದೊಂದು ತೆಗೀತೀನಿ."

ಅಷ್ಟರಲ್ಲಿ ತೆಳುಮೋಡ ಕವಿದು ಬಿಸಿಲು ಮೆತ್ತಗಾಗಿತ್ತು. ಅವಳು ಹಿಂದೆಂದೂ ಇಷ್ಟು ಶ್ರದ್ಧೆಯಿಂದ ಮುಖಗಳನ್ನು ನೋಡಿರಲಿಲ್ಲ. ಬೇಗ ಮುಗಿಸಬೇಕಾದರೆ ಒಂದೇ ಸಲಕ್ಕೆ ಚೆನ್ನಾಗಿ ಬರಬೇಕಿತ್ತು. ಮಂಜುಶ್ರೀಯನ್ನು ಕೂರಿಸಿ, "ಆ ಗಂಡಿನ ಕಡೆಯೋರು ಸಿಡುಕಿ ಅಂದಾಗ ನಿಮ್ಮಪ್ಪ ಏನಂದ್ರು ಹೇಳು" ಎಂದಳು. "ನಮ್ಮಪ್ಪ, ನಮ್ಮುಡುಗಿ ಸಿಡುಕೋದು ಬರೀ ಮನೇಲಿ, ಹೊರಗಡೆ ಬಂಗಾರ ಅಂದ್ಬುಟ್ರು ಅಕ್ಕ" ಎಂದವಳು ತಾನೇ ನಕ್ಕಳು. ಆ ನಗುವನ್ನು ಪ್ರೇಮಲತಾ ಹಿಡಿದಳು. ಸಿದ್ದಗಂಗಯ್ಯನವರಿಗೆ ಅವರ ಹಳೆಯ ರೂಟಿನ ನಿಲ್ದಾಣಗಳನ್ನು ಹೇಳಲು ಹೇಳಿದಳು. "ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರು" ಎನ್ನುತ್ತ ಅವರ ಮುಖಕ್ಕೆ ಕಳೆದುಹೋದ ಹರೆಯವೆಲ್ಲ ವಾಪಸು ಬಂತು. ಮುತ್ತುರಾಜ್ ಎದೆ ಮುಂದೆ ಮಾಡಿ ನಿಂತಿದ್ದಾಗ ತೆಗೆಯದೆ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುವಾಗ ತೆಗೆದಳು. ಮಗುವಿನಂಥ ಕಣ್ಣುಗಳು ಆತನವು. ಅಂಜನ್‌ಕುಮಾರ್‌ಗೆ, ಎದುರಿಗೆ ಒಂದು ಮರಿಗುದುರೆ ಬರುತ್ತಿದೆ ಎಂದುಕೊಳ್ಳಲು ಹೇಳಿದಳು. ಅತ್ತೆಗೆ ಏನೂ ಹೇಳಲಿಲ್ಲ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಲ್ಲುಗಳನ್ನೇ ನೋಡುತ್ತ, "ಎಷ್ಟು ಉರಿದು ತಣ್ಣಗಾದ್ಲೋ ತಾಯಿ" ಎಂದರು. ಅದನ್ನು ತೆಗೆಯುವಾಗ ಪ್ರೇಮಲತಾಗೆ ತನ್ನ ಆತುರ ಒಂದು ಗಳಿಗೆ ಮರೆತೇಹೋಯಿತು.

ಎಲ್ಲವನ್ನೂ ಕ್ಯಾಮೆರಾದಿಂದ ಅವರವರ ಫೋನಿಗೆ ಕಳಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಐದು ಜನವೂ ಹೊಂಗೆಯ ಮರದಡಿ ತಲೆಗೆ ತಲೆ ಕೂಡಿಸಿ ಕೂತು ತಮ್ಮ ತಮ್ಮ ಮುಖ ನೋಡಿಕೊಳ್ಳತೊಡಗಿದರು. ಈಗ ಅಲ್ಲಿಯ ಕಲ್ಲುಗಳೆಲ್ಲ ಎದ್ದು ನಡೆದುಹೋಗಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಅವಳು ತಿರುಗಿ ನೋಡಿದಳು. ಕೌಂಟರ್ ಖಾಲಿ.

ಬ್ಯಾಟರಿಯ ಗುರುತು ಕೆಂಪಗೆ ಮಿಟುಕುತ್ತಿತ್ತು. ಹೆಚ್ಚೆಂದರೆ ಒಂದು ಚಿತ್ರ. ಅವಳು ಬೋರಲು ಮಲಗಿ, ಮೊಣಕೈ ಊರಿ, ಕಾದಳು. ಪಡುವಣದಲ್ಲಿ ಮೋಡ ಸ್ವಲ್ಪ ಸರಿಯಿತು. ಬೆಳಕು ನೆಲದ ಮಟ್ಟದಲ್ಲಿ ಹರಿದು ಬಂದು ಒಂದೊಂದು ದಿಂಬಿನ ಅಂಚನ್ನೂ ಮುಟ್ಟಿ, ಒಂದೊಂದರ ಹಿಂದೆಯೂ ಆಳವಾದ ನೆರಳು ಇಟ್ಟಿತು. ಅವಳು ಒತ್ತಿದಳು. ಕ್ಲಿಕ್ ಎಂದಿತು. ಕ್ಯಾಮೆರಾ ಕಣ್ಣುಮುಚ್ಚಿತು.

ಹೇಗೆ ಬಂದಿದೆ ಎಂದು ನೋಡುವ ಹಾಗೂ ಇರಲಿಲ್ಲ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಸತ್ತ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಜ್ವರದ ಮಗುವಿನ ತಾಯಿಯಂತೆ ಆಗಾಗ ಮುಟ್ಟಿ ನೋಡುತ್ತ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಬ್ಯಾಟರಿ ತುಂಬಿದ ಮೇಲೆ ತೆರೆದು ನೋಡಿದಳು. ಕಲ್ಲು ಇತ್ತು, ಬೆಳಕಿತ್ತು, ಆಕಾಶವಿತ್ತು. ದೂರದ ಗಾಳಿಯಂತ್ರಗಳೂ ಕಲ್ಲುಗಳ ಹಿಂದೆ ಅಡಗಿದ್ದವು. ಹಲ್ಲುಜ್ಜುತ್ತ ಬಂದ ಜಯಪ್ರಕಾಶ್ ಹಿಂದಿನಿಂದ ಬಗ್ಗಿ ನೋಡಿದ.

"ಯಾರೂ ಇಲ್ವಲ್ಲೇ ಇದ್ರಲ್ಲಿ."

"ಹೂಂ."

"ಪಾಪ, ಎಲ್ರೂ ಎಲ್ಲಿಗೆ ಹೋಗಿದ್ರು?"

ಅವಳು ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು.

ಆ ವಾರದ ಕೊನೆಗೆ ಅಂಜನ್‌ಕುಮಾರ್‌ನ ಫೋನ್ ಬಂತು. ಅವಳದೇ ಗೆದ್ದಿತ್ತು. ತೀರ್ಪುಗಾರರು ಹೊರಗಿನವರು, ಎಷ್ಟೋ ಹೊತ್ತು ಆ ಚಿತ್ರದ ಮುಂದೆ ಸುಮ್ಮನೆ ನಿಂತಿದ್ದರಂತೆ. ಹಿಂದೆಯೇ ಮುತ್ತುರಾಜ್ ಮಾಡಿದರು. "ಮೇಡಂ, ಪ್ರದರ್ಶನ ಅಂದ್ರೆ ಒಂದು ಹಾಲ್‌ನಲ್ಲಿಟ್ರೆ ನಾಲ್ಕು ಜನ ನೋಡ್ತಾರೆ. ನಾನು ಶಿರಾ ಗೇಟ್‌ನಲ್ಲೇ ದೊಡ್ಡದಾಗಿ ಹಾಕಿಸ್ತಿದೀನಿ. ಇಡೀ ತುಮಕೂರು ನಿಂತು ನೋಡ್ಬೇಕು. ಭಾನುವಾರ ಬನ್ನಿ."

ಭಾನುವಾರ ಗುಬ್ಬಿಯಿಂದ ಬಸ್ಸಿನಲ್ಲಿ ಹೋಗುವಾಗ ಅವಳು ಕಿಟಕಿಗೆ ತಲೆಯಾನಿಸಿ ಅದನ್ನೇ ಕಲ್ಪಿಸಿಕೊಂಡಳು. ಆ ಗಜಿಬಿಜಿಯ ಸರ್ಕಲ್‌ನಲ್ಲಿ, ಲಾರಿ, ಆಟೋ, ಹಾರ್ನುಗಳ ನಡುವೆ, ಮೇಲೆ ಅಷ್ಟಗಲ ನಿಶ್ಶಬ್ದ. ಸಿಗ್ನಲ್‌ನಲ್ಲಿ ನಿಂತ ಯಾರಾದರೂ ಒಬ್ಬರು ತಲೆಯೆತ್ತಿ ನೋಡಿದರೆ ಸಾಕು. ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ಜಯಪ್ರಕಾಶ್, ಮಂಜುಶ್ರೀ, ಸಿದ್ದಗಂಗಯ್ಯ ಇದ್ದರು. ಇವತ್ತು ಅವರೆಲ್ಲ ಇರಲಿ ಎಂದೇ ಅವಳಿಗೆ ಅನ್ನಿಸಿತು.

ಬಸ್ಸಿನಿಂದ ಇಳಿದಾಗ ಮೊದಲು ಕಂಡದ್ದು ಅತ್ತೆಯ ಮುಖ. ಪಕ್ಕದಲ್ಲಿ ನಿಂತಿದ್ದ ಅತ್ತೆಯದಲ್ಲ. ಆಕಾಶದಲ್ಲಿ, ಬಾವಿಯ ಬಾಯಿಯಷ್ಟು ಅಗಲದ ವೃತ್ತದೊಳಗೆ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಅದರ ಪಕ್ಕದ ವೃತ್ತದಲ್ಲಿ ಮುತ್ತುರಾಜ್ ಕನ್ನಡಕ ಒರೆಸುತ್ತಿದ್ದರು. ಕೆಳಗಿನ ಸಾಲಿನಲ್ಲಿ ಮಂಜುಶ್ರೀ ನಗುತ್ತಿದ್ದಳು, ಸಿದ್ದಗಂಗಯ್ಯ ತಿಪಟೂರು ತಲುಪುತ್ತಿದ್ದರು, ಅಂಜನ್‌ಕುಮಾರ್ ಮರಿಗುದುರೆಯನ್ನು ಕರೆಯುತ್ತಿದ್ದ. ಪ್ರವಾಸಕ್ಕೇ ಬಾರದ ಜಯಪ್ರಕಾಶ್‌ಗೂ ಒಂದು ವೃತ್ತವಿತ್ತು. ಬಳಗದ ಕಾರ್ಯಕಾರಿ ಸಮಿತಿ, ಸಲಹಾ ಸಮಿತಿ, ಮಂಡಿಯ ಗೆಳೆಯರು, ಇವರೆಲ್ಲ ಅಂಚಿನುದ್ದಕ್ಕೂ ಸಣ್ಣ ಸಣ್ಣ ವೃತ್ತಗಳಲ್ಲಿ ಸರ ಪೋಣಿಸಿದಂತೆ ಇದ್ದರು. ಇವೆಲ್ಲದರ ನಟ್ಟನಡುವೆ, ಎಲ್ಲರಿಗಿಂತ ದೊಡ್ಡದಾಗಿ, ಕಚೇರಿಯ ಗುರುತಿನ ಚೀಟಿಯಲ್ಲಿದ್ದ ಪ್ರೇಮಲತಾಳ ಮುಖ, ಪೊಲೀಸರಿಗೆ ಬೇಕಾದವಳಂತೆ ನೇರ ಮುಂದೆ ನೋಡುತ್ತಿತ್ತು. ಅದನ್ನು ಮಂಜುಶ್ರೀ ಕಳಿಸಿಕೊಟ್ಟಿದ್ದಳು. ಮೇಲೆ 'ಮನುಷ್ಯರಿಲ್ಲದ ಭೂದೃಶ್ಯ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದವರಿಗೆ ಹಾರ್ದಿಕ ಅಭಿನಂದನೆಗಳು' ಎಂದಿತ್ತು.

ಚಿತ್ರ ಹಿಂದೆಲ್ಲೋ ಇತ್ತು.

"ಹೆಂಗಿದೆ ಮೇಡಂ?" ಮುತ್ತುರಾಜ್ ಶಾಲು ಹಿಡಿದು ಓಡಿ ಬಂದರು. "ಅಷ್ಟೊಂದು ಜಾಗ ಸುಮ್ನೆ ಖಾಲಿ ಹೋಗ್ತಿತ್ತು. ಅದಕ್ಕೇ ನಿಮ್ಮ ಕೈಲಿ ತೆಗೆದಿರೋವನ್ನೇ ಹುಡುಕಿ ಹುಡುಕಿ ಹಾಕಿಸ್ದೆ. ನನ್ನ ಜೀವಮಾನದಲ್ಲಿ ನಂದು ಇಂಥ ಫೋಟೋ ಬಂದಿಲ್ಲ. ನಮ್ಮನೆಯವ್ರು ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು." ಅವರ ಕಣ್ಣೂ ಒದ್ದೆಯಾಗಿತ್ತು. "ಇನ್ನೊಂದು ವಿಷ್ಯ. ಸಮಿತಿ ತೀರ್ಮಾನ ಮಾಡೈತೆ. ಇನ್ಮೇಲೆ ಪ್ರತಿ ಪ್ರವಾಸಕ್ಕೂ ನೀವು ಬರ್ಲೇಬೇಕು. ಸದಸ್ಯರ ಫೋಟೋ ತೆಗೆಯೋ ಜವಾಬ್ದಾರಿ ಪೂರ್ತಿ ನಿಮ್ದೇ."

ಅಂಜನ್‌ಕುಮಾರ್ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ. "ನಿಧಾನ ಅಂದೆ ಮೇಡಂ," ಎಂದ ಮೆಲ್ಲಗೆ. "ನಿಲ್ಲಲಿಲ್ಲ."

"ಅಕ್ಕ, ಗಂಡಿನ ಕಡೆಯೋರು ಒಪ್ಪಿದ್ರು," ಎಂದಳು ಮಂಜುಶ್ರೀ ಕೈಹಿಡಿದು. "ಫೋಟೋ ತೆಗೆದೋರೇ ಮದುವೇಗೂ ಬರ್ಬೇಕು ಅಂತ ಹೇಳವ್ರೆ."

ಅತ್ತೆ ಮೇಲೆ ನೋಡುತ್ತಲೇ ಇದ್ದರು. "ನಾನು ಹಿಂಗಿದೀನಾ?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. "ಚೆನ್ನಾಗೇ ಇದೀನಲ್ಲ."

ಪ್ರೇಮಲತಾಗೆ ಸಿಟ್ಟು ಮಾಡಿಕೊಳ್ಳಬೇಕೆಂದಿತ್ತು. ಯಾರ ಮೇಲೆ ಎಂದು ಹುಡುಕಿದರೆ ಪರಿಚಯದ ಮುಖಗಳೆಲ್ಲ ಅವಳು ತೆಗೆದವೇ, ಎಲ್ಲವೂ ನಗುತ್ತಿದ್ದವು. ಅವಳು ಶಾಲು ಹೊದ್ದುಕೊಂಡು ರಸ್ತೆಯ ಇನ್ನೊಂದು ಬದಿಗೆ ಬಂದು ನಿಂತಳು. ಅಲ್ಲಿಂದ ನೋಡಿದಾಗ, ಮುತ್ತುರಾಜ್ ಕಿವಿಗೂ ಅತ್ತೆಯ ಗದ್ದಕ್ಕೂ ನಡುವೆ, ವೃತ್ತಗಳು ಪೂರ್ತಿ ಕೂಡಿಕೊಳ್ಳದ ಒಂದು ಸಂದಿಯಲ್ಲಿ, ಬೆಳಕು ತಾಗಿದ ಒಂದೇ ಒಂದು ದಿಂಬುಗಲ್ಲು ಕಾಣುತ್ತಿತ್ತು.

ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡಿದ್ದವನೂ ಕತ್ತೆತ್ತಿ ನೋಡುತ್ತಿದ್ದ. "ಯಾವ ಎಲೆಕ್ಷನ್ ಅಕ್ಕ?"

"ಎಲೆಕ್ಷನ್ ಅಲ್ಲಪ್ಪ."

"ಅಲ್ಲಿ ಸಂದೀಲಿ ಒಂದು ಕಲ್ಲು ಕಾಣ್ತದಲ್ಲ, ಅದೆಲ್ಲಿದು?"

ಪ್ರೇಮಲತಾ ಅವನ ಕಡೆ ತಿರುಗಿದಳು. ಹಿರಿಯೂರು ದಾಟಿ, ಹೆದ್ದಾರಿ ಬಿಟ್ಟು, ಎಲ್ಲಿ ಒಳಗೆ ತಿರುಗಬೇಕು, ಹೊತ್ತು ಏರುವ ಮುಂಚೆ ಯಾಕೆ ಹೋಗಬೇಕು, ಎಲ್ಲ ಹೇಳಿದಳು. ಸಮುದ್ರದ ತಳದ ಕತೆಯನ್ನೂ ಹೇಳಿದಳು. ಅವನು ಬಾಡಿಗೆ ಕೇಳಿದವರನ್ನು ಕೈಯಲ್ಲೇ ಮುಂದಕ್ಕೆ ಕಳಿಸಿ ಪೂರ್ತಿ ಕೇಳಿಸಿಕೊಂಡ.

"ಹೋಗ್ತೀನಿ ಅಕ್ಕ. ಮನೆಯೋರನ್ನೆಲ್ಲ ಕರ್ಕೊಂಡ್ ಹೋಗ್ತೀನಿ," ಎಂದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟ. "ಅಂಗೇ ಈ ಬ್ಯಾನರ್ ಮುಂದೆ ನಂದೊಂದು ತೆಗೀರಿ."

ಅವನು ಕಾಲರ್ ಸರಿಮಾಡಿಕೊಂಡು ಎದೆಯುಬ್ಬಿಸಿ ನಿಂತ. ಪ್ರೇಮಲತಾ ಫೋನ್ ಎತ್ತಿ ಹಿಡಿದು, ಒಂದು ಕ್ಷಣ ನೋಡಿ, ಕೆಳಗಿಳಿಸಿದಳು.

"ಸ್ವಲ್ಪ ಎಡಕ್ಕೆ ಸರಿದು ನಿಂತ್ಕೊಳ್ಳಪ್ಪ," ಎಂದಳು. "ಕಲ್ಲಿಗೆ ಅಡ್ಡ ಬರ್ತಿದೀಯ."